ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಕುಷನ್ ಆಯಿತು, ಬೆಲ್ಟ್ ಕೂರಿಸುವುದು ಹೇಗೆ?

ಹಳೆಯ ಕಾರಿನ ಸೀಟಿಗೆ ಹೊಸ ಫೋಮ್, ಹೊಸ ರೆಕ್ಸಿನ್ ಹಾಕಿಸಿದ ಮೇಲೆ ಸೀಟ್ ಬೆಲ್ಟನ್ನು ಮತ್ತೆ ಕೂರಿಸುವ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮದು 1996ರ ಪ್ರೀಮಿಯರ್ ಪದ್ಮಿನಿ. ಮುಂದಿನ ಸೀಟುಗಳನ್ನು ಪೂರ್ತಿ ಬಿಚ್ಚಿಸಿ ಹೊಸದಾಗಿ ಕುಷನ್ ಮಾಡಿಸಿದೆ. ಬೆಲ್ಟಿನ ಬೋಲ್ಟ್, ವಾಷರ್, ಬುಷ್ ಎಲ್ಲವನ್ನೂ ಅಂಗಡಿಯವರು ಒಂದೇ ಕವರಿಗೆ ಹಾಕಿ ಕೈಗೆ ಕೊಟ್ಟಿದ್ದಾರೆ. ಯಾವುದರ ಮೇಲೆ ಯಾವುದು ಬರಬೇಕು, ಎಷ್ಟು ಬಿಗಿ ಮಾಡಬೇಕು? ಇನ್ನೊಂದು ತೊಂದರೆ, ಬಕಲ್ ಈಗ ಸೀಟಿನ ಸಂದಿಯಲ್ಲಿ ಹೂತುಹೋಗುತ್ತಿದೆ. (ಮಂಡ್ಯದ ಓದುಗರು)

ಉತ್ತರ: ಸರ್, ಬಿಗಿ ಮಾಡುವ ಮಾತು ಆಮೇಲೆ. ಮೊದಲು ಬೋಲ್ಟು ಅದೇ ತೂತಿನದು ಹೌದೋ ಅಲ್ಲವೋ ನೋಡಿ. ಸೀಟ್ ಬೆಲ್ಟಿಗೆ ಹೆಚ್ಚಿನ ಕಾರುಗಳಲ್ಲಿ ಬಳಸುವುದು 7/16 ಇಂಚಿನ, ಇಂಚಿಗೆ 20 ಥ್ರೆಡ್ ಇರುವ, ಇಂಚಿನ ಅಳತೆಯ ಸಣ್ಣ ಥ್ರೆಡ್ಡಿನ ಯುಎನ್‌ಎಫ್ ಬೋಲ್ಟ್. ಇದರ ದಪ್ಪ 11.1 ಮಿ.ಮೀ., ಥ್ರೆಡ್ಡಿನ ಅಂತರ 1.27 ಮಿ.ಮೀ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 12 ಮಿ.ಮೀ. ಸಣ್ಣ ಥ್ರೆಡ್ ಬೋಲ್ಟಿನ ಅಂತರ 1.25 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 12ರ ಬೋಲ್ಟನ್ನು 7/16ರ ತೂತಿಗೆ ಸ್ಪ್ಯಾನರ್ ಹಾಕಿ ನುಗ್ಗಿಸಿದರೆ ಥ್ರೆಡ್ ಅಡ್ಡ ಹೊಡೆದು ಬೆಳ್ಳಗೆ ಲೋಹದ ಪುಡಿ ಉದುರುತ್ತದೆ. 7/16ರ ಬೋಲ್ಟನ್ನು 12ರ ನಟ್ಟಿಗೆ ಹಾಕಿದರೆ ಇನ್ನೂ ಮೋಸ. ಸಲೀಸಾಗಿ ಹೋಗುತ್ತದೆ, ಬಿಗಿಯಾದ ಹಾಗೂ ಅನಿಸುತ್ತದೆ, ಆದರೆ ತುದಿಯಷ್ಟೇ ಕಚ್ಚಿಕೊಂಡಿರುತ್ತದೆ. ಜೋರಾಗಿ ಎಳೆತ ಬಿದ್ದ ದಿನ ಕಿತ್ತು ಬರುತ್ತದೆ.

ಹಾಗಾಗಿ ಗಾಡಿಯ ಹಳೆಯ ಬೋಲ್ಟನ್ನೇ ಬಳಸಿ. ಕಳೆದುಹೋಗಿದ್ದರೆ ಪಕ್ಕದ ಬೆಲ್ಟಿನ ಬೋಲ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ತಲೆಯ ಮೇಲೆ 8.8 ಎಂದು ಅಚ್ಚಾಗಿರಬೇಕು, ಇಲ್ಲವೇ ಇಂಚಿನ ಬೋಲ್ಟಾದರೆ ಮೂರು ಗೀರಿನ ಗುರುತಿರಬೇಕು. ಬೋಳು ತಲೆಯ ಸಾದಾ ಬೋಲ್ಟ್ ಬೇಡವೇ ಬೇಡ. ನೆಲದ ತೂತಿನಲ್ಲಿ ಅಂಟು, ಪೇಂಟು, ಅಂಡರ್‌ಕೋಟಿಂಗ್ ಮೆತ್ತಿಕೊಂಡಿದ್ದರೆ 7/16 ಯುಎನ್‌ಎಫ್ ಟ್ಯಾಪನ್ನು (ಥ್ರೆಡ್ ಕೊರೆಯುವ ಉಪಕರಣ) ಒಮ್ಮೆ ಕೈಯಲ್ಲೇ ಓಡಿಸಿ. ಆಮೇಲೆ ಸ್ಪ್ಯಾನರ್ ಮುಟ್ಟದೆ ಬೆರಳಲ್ಲೇ ನಾಲ್ಕೈದು ಸುತ್ತು ಹೋಗಬೇಕು. ಹೋಗದಿದ್ದರೆ ಹೊರಗೆ ತೆಗೆದು ಮತ್ತೆ ನೇರ ಹಿಡಿದು ನೋಡಿ. ಒಟ್ಟು ಒಂಬತ್ತು ಸುತ್ತಾದರೂ ಒಳಗಿಳಿದರೆ ಬೋಲ್ಟಿನ ದಪ್ಪದಷ್ಟು ಹಿಡಿತ ಸಿಕ್ಕಿತು ಎಂದು ಲೆಕ್ಕ.

ಈಗ ಜೋಡಣೆ. ಸಾಮಾನ್ಯವಾಗಿ ಬೋಲ್ಟಿನ ತಲೆಯಿಂದ ಕೆಳಕ್ಕೆ ಬರುವ ಕ್ರಮ ಇದು: ಅಲೆಯಲೆಯಾಗಿರುವ ಸ್ಪ್ರಿಂಗ್ ವಾಷರ್, ಬೆಲ್ಟಿನ ತುದಿಯ ತಗಡು, ತಗಡಿನ ತೂತಿನೊಳಗೆ ಕೂರುವ ಮೆಟ್ಟಿಲಿನ ಬುಷ್ (ಲೋಹದ ಚಿಕ್ಕ ಕೊಳವೆ), ಆಮೇಲೆ ನೆಲ. ರಟ್ಟಿನಂತಿರುವ ತೆಳು ವಾಷರ್ ಸಿಕ್ಕರೆ ಅದನ್ನು ಎಸೆಯಬೇಡಿ, ಬೋಲ್ಟು ತಗಡಿನಿಂದ ಜಾರಿ ಬೀಳದಂತೆ ಹಿಡಿಯಲು ಅದು ಇರುತ್ತದೆ. ಇವುಗಳಲ್ಲಿ ಮುಖ್ಯ ಬುಷ್. ಅದರ ಮೆಟ್ಟಿಲು ತಗಡಿಗಿಂತ ಸ್ವಲ್ಪ ಎತ್ತರ. ಆದ್ದರಿಂದ ಬೋಲ್ಟು ಬುಷ್ಷನ್ನು ಹಿಡಿದರೂ ತಗಡು ಸಡಿಲವಾಗಿ ತಿರುಗುತ್ತದೆ. ಬುಷ್ ಬಿಟ್ಟು ಬಿಗಿದರೆ ತಗಡು ನೆಲಕ್ಕೆ ಕಚ್ಚಿಕೊಂಡು ಒಂದೇ ದಿಕ್ಕಿಗೆ ನಿಲ್ಲುತ್ತದೆ. ಆಗ ಎಳೆತ ಪಟ್ಟಿಯ ಪೂರ್ತಿ ಅಗಲಕ್ಕೆ ಹಂಚಿಹೋಗದೆ ಒಂದು ಅಂಚಿನ ಮೇಲೆ ಬೀಳುತ್ತದೆ. ಹರಿಯುವುದು ಆ ಅಂಚಿನಿಂದಲೇ. ಬಿಗಿ ಮಾಡಿದ ಮೇಲೆ ಬಾಗಿಲ ಕಡೆಯ ತಗಡನ್ನು ಬೆರಳಲ್ಲಿ ತಿರುಗಿಸಿ ನೋಡಿ, ತಿರುಗಲೇಬೇಕು. ಬಕಲ್ಲಿನ ಕಾಲಿನ, ಅಂದರೆ ಬಕಲ್ಲನ್ನು ನೆಲಕ್ಕೆ ಹಿಡಿಯುವ ಭಾಗದ ಮಾತು ಬೇರೆ. ಅದರ ತಗಡಿಗೆ ಸಣ್ಣ ಮೊಳೆಯೋ ಕಿವಿಯೋ ಇದ್ದು ನೆಲದ ಸಣ್ಣ ಗುಳಿಯಲ್ಲಿ ಕೂರುವಂತಿದ್ದರೆ, ಅದು ತಿರುಗಬಾರದು ಎಂದೇ ಮಾಡಿದ್ದು.

ಕಾರ್ಪೆಟ್ ಹೊಸದೇ? ಹಾಗಾದರೆ ಬೋಲ್ಟಿನ ಸುತ್ತ 40 ಮಿ.ಮೀ. ಅಗಲಕ್ಕೆ ಕಾರ್ಪೆಟ್ಟನ್ನೂ ಅದರಡಿಯ ಫೋಮನ್ನೂ ಕತ್ತರಿಸಿ ತೆಗೆಯಿರಿ. ಮೆತ್ತನೆಯದರ ಮೇಲೆ ಬಿಗಿದ ಬೋಲ್ಟು ಇವತ್ತು ಗಟ್ಟಿ, ಫೋಮ್ ಕುಸಿದ ಮೇಲೆ ಸಡಿಲ.

ಬಿಗಿ ಸಾಮಾನ್ಯವಾಗಿ 35ರಿಂದ 40 ನ್ಯೂಟನ್ ಮೀಟರ್. ಗಾಡಿಯ ಮ್ಯಾನ್ಯುವಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ, 25 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಸುಮಾರು 14 ಕೆ.ಜಿ. ಭಾರದಷ್ಟು ಒತ್ತಿದರೆ 35 ಬರುತ್ತದೆ. ಆದರೂ ಈ ಕೆಲಸಕ್ಕೆ ಒಂದು ಗಂಟೆ ಮಟ್ಟಿಗೆ ರೆಂಚ್ ಎರವಲು ತರುವುದೇ ಮೇಲು.

ಬಕಲ್ ಹೂತುಹೋಗುವುದಕ್ಕೆ ಕಾರಣ ಬೆಲ್ಟಲ್ಲ, ಫೋಮು. ವರ್ಷಗಟ್ಟಲೆ ಕೂತು ಕುಸಿದ ಕುಷನ್ನಿನ ಪಕ್ಕದಲ್ಲಿ ಬಕಲ್ ಸರಿಯಾಗಿಯೇ ನಿಂತಿತ್ತು. ಹೊಸ ಫೋಮನ್ನು ಒಂದಿಂಚು ಎತ್ತರಿಸಿ, ಬದಿಯನ್ನೂ ದಪ್ಪ ಮಾಡಿದರೆ ಸಂದಿ ಮುಚ್ಚುತ್ತದೆ. ಕಾಲನ್ನು ಉದ್ದ ಮಾಡಿಸಲು ತಗಡಿನ ತುಂಡು ವೆಲ್ಡ್ ಮಾಡಿಸುವವರಿದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ. ವೆಲ್ಡಿನ ಕಾವಿಗೆ ಆ ಉಕ್ಕಿನ ಗಟ್ಟಿತನವೇ ಹೋಗುತ್ತದೆ. ಬಕಲ್ ಎತ್ತರ ಬಂದರೆ ಹೊಟ್ಟೆಯ ಮೇಲೂ ಬರುತ್ತದೆ. ಸೀಟನ್ನು ವಾಪಸ್ ಕೊಟ್ಟು, ಒಳಬದಿಯ ಫೋಮನ್ನು ಬಕಲ್ ನಿಲ್ಲುವಷ್ಟು ಕೊರೆಸಿ, ರೆಕ್ಸಿನ್ನನ್ನು ಅಲ್ಲಿ ಒಳಮಡಿಸಿ ಹೊಲಿಸಿ. ಕೂತಾಗ ಬಕಲ್ಲಿನ ಕೆಂಪು ಗುಂಡಿ ಕಾಣಬೇಕು, ಒಂದೇ ಕೈಯಲ್ಲಿ ಒತ್ತಲು ಬರಬೇಕು. ಕಾಲು ಸೀಟಿನ ಕಬ್ಬಿಣದ ಅಂಚಿನ ಮೇಲೆ ಬಾಗಿ ಕೂರಬಾರದು.

ಫೋಮ್ ಆರಿಸುವಾಗ ಕೂರುವ ಭಾಗಕ್ಕೆ 40 ಡೆನ್ಸಿಟಿಗಿಂತ (ಘನ ಮೀಟರಿಗೆ 40 ಕೆ.ಜಿ.) ಕಡಿಮೆ ಬೇಡ. ತೀರಾ ಮೆತ್ತಗಿದ್ದರೆ ಡಿಕ್ಕಿಯಾದಾಗ ಕೂತವರ ಸೊಂಟ ಕುಷನ್ನಿಗೆ ಇಳಿದು ಮುಂದಕ್ಕೆ ಜಾರುತ್ತದೆ, ಸೊಂಟದ ಮೂಳೆ ಮೇಲಿರಬೇಕಾದ ಪಟ್ಟಿ ಹೊಟ್ಟೆಯ ಮೆದುಭಾಗಕ್ಕೆ ಏರುತ್ತದೆ. ಒಳಗಿನ ಪೆಟ್ಟು ಆಗುವುದು ಹೀಗೆ.

ಪ್ರಶ್ನೆ: 1998ರ ಮಾರುತಿ 800. ಸೀಟು, ಒಳಗಿನ ಪ್ಯಾನೆಲ್ ಎಲ್ಲ ಹೊಸದು ಮಾಡಿಸಿದ ಮೇಲೆ ಚಾಮುಂಡಿ ಬೆಟ್ಟ ಹತ್ತುವಾಗ ಬೆಲ್ಟ್ ಲಾಕ್ ಆಗಿ ಎಳೆಯಲು ಬರುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಸರಿಯಿದೆ. ರೀಲ್ ಕೆಟ್ಟಿದೆಯೇ? (ಮೈಸೂರಿನ ಓದುಗರು)

ಉತ್ತರ: ಕೆಟ್ಟಿರುವ ಸಂಭವ ಕಡಿಮೆ, ಓರೆಯಾಗಿ ಕೂತಿರುವ ಸಂಭವ ಹೆಚ್ಚು. ಬೆಲ್ಟ್ ಸುತ್ತಿಕೊಳ್ಳುವ ರೀಲಿನೊಳಗೆ ಒಂದು ಗುಂಡೋ ತೂಗುವ ಲೋಹದ ತುಂಡೋ ಇರುತ್ತದೆ. ಗಾಡಿ ಗಕ್ಕನೆ ನಿಂತರೆ ಅದು ಸರಿದು ಹಲ್ಲಿಗೆ ಸಿಕ್ಕಿಸುತ್ತದೆ. ವಾಲಿದರೂ ಸರಿಯುತ್ತದೆ. ಯುರೋಪಿನ ನಿಯಮದ ಪ್ರಕಾರ, ಕೂರಿಸಿದ ಸ್ಥಾನದಿಂದ 12 ಡಿಗ್ರಿವರೆಗೆ ವಾಲಿದರೆ ರೀಲ್ ಲಾಕ್ ಆಗಬಾರದು, 27 ದಾಟಿದರೆ ಆಗಲೇಬೇಕು. ನಿಮ್ಮ ರೀಲ್ ಮೊದಲೇ ಏಳೆಂಟು ಡಿಗ್ರಿ ವಾಲಿ ಕೂತಿದ್ದರೆ ಬೆಟ್ಟದ ಏರು ಮತ್ತು ತಿರುವು ಸೇರಿ ಉಳಿದದ್ದನ್ನು ಪೂರ್ತಿ ಮಾಡುತ್ತವೆ.

ಪ್ಯಾನೆಲ್ ಬಿಚ್ಚಿ ಮೂರು ಸಂಗತಿ ನೋಡಿ. ಎಡಬಲದ ರೀಲುಗಳು ಅದಲು ಬದಲಾಗಿವೆಯೇ? ರೀಲಿನ ತಗಡಿನ ಕಿವಿ ಪಿಲ್ಲರಿನ (ಬಾಗಿಲ ಪಕ್ಕದ ಕಂಬದ) ತೂತಿನಲ್ಲಿ ಕೂತಿದೆಯೇ, ಅಥವಾ ಹೊರಗುಳಿದು ರೀಲನ್ನು ತಿರುಗಿಸಿದೆಯೇ? ಹೊಸ ಪ್ಯಾನೆಲ್ಲಿನ ರಟ್ಟು, ಫೋಮ್ ರೀಲಿಗೆ ಒತ್ತುತ್ತಿದೆಯೇ? ರೀಲ್ ಹೊರತೆಗೆಯುವ ಮುಂಚೆ ಪಟ್ಟಿಯನ್ನು ಒಂದಡಿ ಎಳೆದು ಬಟ್ಟೆ ಕ್ಲಿಪ್ ಹಾಕಿ, ಇಲ್ಲವಾದರೆ ಪೂರ್ತಿ ಒಳಗೆ ಸುತ್ತಿಕೊಂಡು ವಾಲಿದ ಸ್ಥಿತಿಯಲ್ಲಿ ಮತ್ತೆ ಹೊರಬರುವುದಿಲ್ಲ. ಕೈಯಲ್ಲಿ ನೆಟ್ಟಗೆ ಹಿಡಿದು ಮೆಲ್ಲಗೆ ಎಳೆದರೆ ಬರಬೇಕು, ಗಕ್ಕನೆ ಎಳೆದರೆ ನಿಲ್ಲಬೇಕು, ಚೆನ್ನಾಗಿ ವಾಲಿಸಿದರೆ ಮೆಲ್ಲಗೆ ಎಳೆದರೂ ನಿಲ್ಲಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ರೀಲ್ ಬದಲಿಸಿ. ಡಬ್ಬಿಯನ್ನು ಬಿಚ್ಚಲು ಹೋಗಬೇಡಿ, ಸುರುಳಿ ಸ್ಪ್ರಿಂಗ್ ಸಿಡಿದರೆ ಮತ್ತೆ ಕೂರಿಸಲಾಗದು.

ಪ್ರಶ್ನೆ: 1978ರ ಅಂಬಾಸಿಡರ್. ಬೆಲ್ಟೇ ಇಲ್ಲ. ಮುಂದಿನ ಉದ್ದ ಸೀಟು ಈಗ ಕುಷನ್ನಿಗೆ ಹೋಗಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಿಸುತ್ತೇವೆ. ಇದೇ ಸಮಯಕ್ಕೆ ಬೆಲ್ಟ್ ಹಾಕಿಸಬಹುದೇ? ಸೀಟಿನ ಫ್ರೇಮಿಗೇ ಬೋಲ್ಟ್ ಹಾಕಿದರೆ ಸಾಕೆನ್ನುತ್ತಾರೆ. (ಶ್ರೀರಂಗಪಟ್ಟಣದ ಓದುಗರು)

ಉತ್ತರ: ಖಂಡಿತ ಹಾಕಿಸಿ, ಸೀಟು ಹೊರಗಿರುವಾಗಲೇ ಇದಕ್ಕೆ ಒಳ್ಳೆ ಸಮಯ. ನಮ್ಮ ದೇಶದಲ್ಲಿ ಮುಂದಿನ ಸೀಟಿನ ಬೆಲ್ಟ್ ಕಡ್ಡಾಯವಾದದ್ದು 1994ರ ಮಾರ್ಚ್ 25ರ ನಂತರ ತಯಾರಾದ ಕಾರುಗಳಿಗೆ. ನಿಮ್ಮದು ಅದಕ್ಕೆ ಮುಂಚಿನದು. ಆದರೆ ಅಕ್ಕಪಕ್ಕದಲ್ಲಿ ಗಂಟೆಗೆ 100 ಕಿ.ಮೀ. ಓಡುವ ರಸ್ತೆಯಲ್ಲಿ ಗಾಡಿಯ ವಯಸ್ಸು ಯಾರನ್ನೂ ಕಾಯುವುದಿಲ್ಲ.

ಸೀಟಿನ ಫ್ರೇಮಿಗೆ ಬೇಡ. ಅಂಬಾಸಿಡರ್ ಸೀಟಿನ ಹಳಿ ಮತ್ತು ಕೊಕ್ಕೆ ಸೀಟಿನ ಭಾರಕ್ಕೆ ಮಾಡಿದ್ದು, ಎದ್ದು ಮುಂದಕ್ಕೆ ಹೋಗುವ ಆಳಿನ ಭಾರಕ್ಕಲ್ಲ. ಒಂದು ಬೆಲ್ಟಿಗೆ ಮೂರು ಜಾಗ ಬೇಕು: ಬಾಗಿಲ ಕಡೆ ಕೆಳಗೆ, ನೆಲದ ನಡುವೆ ಉಬ್ಬಿರುವ ಸುರಂಗದ ಬದಿ, ಮೇಲೆ ನಡುಪಿಲ್ಲರ್. ಕೆಳಗಿನ ಎರಡಕ್ಕೂ ನೆಲದ ಹೊರಗಡೆಯಿಂದ ಉಕ್ಕಿನ ಪ್ಲೇಟ್ ಕೊಡಿ. ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ವಿಸ್ತಾರ, ಅಂದರೆ 65 ಮಿ.ಮೀ. ಚೌಕ ಆದರೆ ಸರಿಹೋಗುತ್ತದೆ. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಚೂಪಾಗಿದ್ದರೆ ಎಳೆತದಲ್ಲಿ ನೆಲದ ತಗಡನ್ನು ಅದೇ ಸೀಳುತ್ತದೆ. ಪಿಲ್ಲರ್ ಟೊಳ್ಳು, ಒಳಗೆ ಪ್ಲೇಟ್ ಇಡಲಾಗದು. ಅಲ್ಲಿ ಥ್ರೆಡ್ ಇರುವ ದಪ್ಪ ಬುಷ್ಷನ್ನು ಪ್ಲೇಟ್ ಸಮೇತ ವೆಲ್ಡ್ ಮಾಡಿಸಬೇಕು. ಟಿಂಕರಿಂಗ್‌ನಲ್ಲಿ ಪಳಗಿದ ಕೈಯೇ ಬೇಕು. ವೆಲ್ಡಿಂಗ್ ಮುಂಚೆ ಬ್ಯಾಟರಿ ಬಿಚ್ಚಿ, ಕಾರ್ಪೆಟ್ ತೆಗೆಸಿ, ಪೆಟ್ರೋಲ್ ಪೈಪ್ ಎಲ್ಲಿ ಹಾದಿದೆ ನೋಡಿ. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಹೋಗುವಷ್ಟು ನೆಲ ತುಕ್ಕು ಹಿಡಿದಿದ್ದರೆ ಮೊದಲು ಆ ತಗಡು ಬದಲಾಗಲಿ.

ಜಾಗ ಗುರುತಿಸುವ ಮುನ್ನ ಕುಷನ್ ಮುಗಿದ ಸೀಟನ್ನು ಒಮ್ಮೆ ತಂದಿಟ್ಟು ಕೂತು ನೋಡಿ. ಬಕಲ್ ನೆಲಕ್ಕೆ ಅಂಟಿರುತ್ತದೆ, ಸೀಟು ಹಿಂದೆ ಮುಂದೆ ಸರಿಯುತ್ತದೆ. ಎರಡೂ ಕೊನೆಯಲ್ಲಿ ಸೊಂಟದ ಪಟ್ಟಿ ನೆಲಕ್ಕೆ 45ರಿಂದ 80 ಡಿಗ್ರಿ ಕೋನದಲ್ಲಿ ಇಳಿಯಬೇಕು. ಪಿಲ್ಲರಿನ ಮೇಲೆ ಪಟ್ಟಿ ತಿರುಗುವ ಜಾಗ ಭುಜದ ಮಟ್ಟದಲ್ಲೋ ತುಸು ಮೇಲೋ ಇರಲಿ, ಕೆಳಗಾದರೆ ಪಟ್ಟಿ ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ. ಉದ್ದ ಸೀಟಿನ ನಡುವೆ ಮೂರನೆಯವರನ್ನು ಕೂರಿಸುವುದನ್ನು ಬಿಟ್ಟುಬಿಡಿ. ಅಲ್ಲಿಗೆ ಭುಜದ ಪಟ್ಟಿ ಕೊಡಲು ದಾರಿಯಿಲ್ಲ.

ಪ್ರಶ್ನೆ: ಹೊಸ ಸೀಟಿನ ಬಣ್ಣಕ್ಕೆ ಹಳೇ ಬೆಲ್ಟ್ ಹೊಂದುವುದಿಲ್ಲ. ಬಣ್ಣ ಹಾಕಿಸಿ, ಬಿಚ್ಚಿಕೊಂಡಿರುವ ಹೊಲಿಗೆಯನ್ನು ಕುಷನ್ ಅಂಗಡಿಯಲ್ಲೇ ಹಾಕಿಸಬಹುದೇ? ಅಂಟೂ ಸ್ವಲ್ಪ ಬಿದ್ದಿದೆ. (ಮದ್ದೂರಿನ ಓದುಗರು)

ಉತ್ತರ: ಎರಡೂ ಬೇಡ. ರೆಕ್ಸಿನ್ ಹೊಲಿಯುವ ದಾರ ಬೆಲ್ಟಿನ ಭಾರ ಹೊರುವುದಿಲ್ಲ, ಹೊಲಿಗೆ ಬಿಚ್ಚಿದ ಬೆಲ್ಟಿಗೆ ಬದಲಿ ಹಾಕುವುದೊಂದೇ ದಾರಿ. ಅಂಚು ನಾರು ನಾರಾಗಿದ್ದರೆ, ಸ್ಟೇಪ್ಲರ್ ಪಿನ್ ಚುಚ್ಚಿದ್ದರೆ, ರೆಕ್ಸಿನ್ ಸುಕ್ಕು ತೆಗೆಯುವ ಬಿಸಿಗಾಳಿ ಗನ್ ತಾಗಿ ಪಟ್ಟಿ ಹೊಳಪಾಗಿ ಗಟ್ಟಿಯಾಗಿದ್ದರೆ, ಅಪಘಾತ ಕಂಡ ಬೆಲ್ಟಾಗಿದ್ದರೆ ಆಗಲೂ ಅಷ್ಟೇ. ಅಂಟನ್ನು ಥಿನ್ನರ್‌ನಿಂದಲೋ ಪೆಟ್ರೋಲ್‌ನಿಂದಲೋ ತೆಗೆಯಬೇಡಿ, ಪಟ್ಟಿಗೆ ಇಳಿದು ಗಟ್ಟಿಯಾಗಿದ್ದರೆ ಬೆಲ್ಟೇ ಬದಲಾಗಲಿ. ಬರೀ ಕೊಳೆಯಾದರೆ ಉಗುರು ಬೆಚ್ಚನೆ ನೀರು, ಸಾದಾ ಸೋಪು, ಮೆತ್ತನೆ ಬ್ರಷ್ ಸಾಕು, ಬ್ಲೀಚಿಂಗ್ ಬೇಡ. ಪಟ್ಟಿಯನ್ನು ಪೂರ್ತಿ ಎಳೆದು ಕ್ಲಿಪ್ ಹಾಕಿ ನೆರಳಲ್ಲಿ ಒಣಗಲು ಬಿಡಿ. ತೇವ ಹೋಗುವವರೆಗೆ ರೀಲಿಗೆ ಸುತ್ತಿಕೊಳ್ಳಲು ಬಿಡಬೇಡಿ, ಒಳಗೆ ಬೂಷ್ಟು ಹಿಡಿಯುತ್ತದೆ, ರೀಲಿನ ಕಬ್ಬಿಣಕ್ಕೆ ತುಕ್ಕೂ ಬರುತ್ತದೆ.