ಓದಿದ್ದು ನಿಲ್ಲುತ್ತಿಲ್ಲ ಎನ್ನುವವರಿಗೆ: ಪುಸ್ತಕ ಮುಚ್ಚಿ ನೋಡಿ

ದಿನಕ್ಕೆ ಹನ್ನೆರಡು ಗಂಟೆ ಓದುತ್ತೀರಿ, ಜೀವಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕಗಳು ಮೂರು ಸುತ್ತು ಮುಗಿದಿವೆ. ಆದರೂ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಮಾದರಿ ಪರೀಕ್ಷೆಗೆ ಕುಳಿತರೆ ಎಲ್ಲವೂ ಎಲ್ಲೋ ಕಂಡಂತಿರುತ್ತದೆ, ಉತ್ತರ ಮಾತ್ರ ಹೊಳೆಯುವುದಿಲ್ಲ. ನನ್ನ ಜ್ಞಾಪಕಶಕ್ತಿಯೇ ಕಡಿಮೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಇದೇ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ನಾನೂ ಒಂದು ವರ್ಷ ಕಳೆದಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಮೊದಲ ಸಲ ನೀಟ್ ಬರೆದದ್ದು 2019ರ ಮೇ 5ರಂದು. 180 ಪ್ರಶ್ನೆಗಳಲ್ಲಿ 163ಕ್ಕೆ ಉತ್ತರಿಸಿದೆ. 95 ಸರಿ, 68 ತಪ್ಪು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ; 380ರಲ್ಲಿ 68 ಕಳೆದು ಕೈಗೆ ಬಂದದ್ದು 312. ಸರಿಯುತ್ತರಗಳ ಪಟ್ಟಿ ಬಂದ ದಿನ ಪುಸ್ತಕಗಳನ್ನು ಹರಡಿಕೊಂಡು ಒಂದೊಂದೇ ತಪ್ಪಿನ ಮೂಲ ಹುಡುಕಿದೆ. ಜೀವಶಾಸ್ತ್ರದ ತಪ್ಪುಗಳಲ್ಲಿ ಹೆಚ್ಚಿನವುಗಳ ಉತ್ತರ ಇದ್ದ ಸಾಲಿನ ಮೇಲೆ ನಾನೇ ಎಳೆದ ಹಳದಿ ಬಣ್ಣವಿತ್ತು. ಕೆಲವು ಪುಟಗಳಲ್ಲಿ ಬಣ್ಣವಿಲ್ಲದ ಸಾಲು ಹುಡುಕಿದರೂ ಸಿಗುವಂತಿರಲಿಲ್ಲ. ಓದಿರಲಿಲ್ಲ ಎಂದಾಗಿದ್ದರೆ ಸಮಾಧಾನವಿರುತ್ತಿತ್ತು. ಓದಿಯೂ ಕಳೆದುಕೊಂಡಿದ್ದೆ ಎಂಬುದು ಬಹಳ ದಿನ ನೋಯಿಸಿತು.

ಜಾತ್ರೆಯಲ್ಲಿ ಯಾರೋ ಎದುರಾಗಿ ಮಾತನಾಡಿಸುತ್ತಾರೆ. ಮುಖದ ಗುರುತಿದೆ, ಹೆಸರು ಬಾಯಿಗೆ ಬರುವುದಿಲ್ಲ. ಅದೇ ಪುಟವನ್ನು ಮೂರನೆಯ ಸಲ ತಿರುವಿದಾಗ ನಮಗೆ ಸಿಗುವುದು ಈ ಮುಖಪರಿಚಯ ಮಾತ್ರ. ಕಣ್ಣು ಸರಾಗವಾಗಿ ಓಡುತ್ತದೆ, 'ಇದು ಬರುತ್ತದೆ' ಅನ್ನಿಸುತ್ತದೆ. ನೀಟ್‌ನ ನಾಲ್ಕು ಆಯ್ಕೆಗಳಾದರೋ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ಹೋಲುತ್ತವೆ, ನಾಲ್ಕೂ ಪರಿಚಿತ ಮುಖಗಳೇ. ಅಲ್ಲಿ ಬೇಕಾದದ್ದು ಹೆಸರು.

ಇದನ್ನು ಪ್ರಯೋಗ ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪಾಠವನ್ನು ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದು: ಅವರದು ಶೇ. 83, ಬರೆದವರದು ಶೇ. 71. ಒಂದು ವಾರದ ನಂತರ ಓದಿದವರು ಶೇ. 40ಕ್ಕೆ ಇಳಿದಿದ್ದರು, ಬರೆದವರಲ್ಲಿ ಶೇ. 61 ಉಳಿದಿತ್ತು. ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಮಾತ್ರ ಬರೀ ಓದಿದವರಲ್ಲಿ! ರಾತ್ರಿ ಪಾಠ ಮುಗಿಸಿ ನೆಮ್ಮದಿಯಾಗಿ ಮಲಗಿದ ಮರುವಾರವೇ ನಿಮಗೆ ಏಕೆ ಗಾಬರಿಯಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನನಗೆ ಇದು ಅರ್ಥವಾದದ್ದು ಅಧ್ಯಯನ ಓದಿ ಅಲ್ಲ, ಅವ್ವನಿಂದ. ನಮ್ಮದು ಗುಳೇದಗುಡ್ಡದ ನೇಕಾರರ ಮನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕೋಚಿಂಗ್ ಮುಚ್ಚಿತು, ಊರಿಗೆ ಬಂದೆ. ಮೇ 3ಕ್ಕೆ ಇದ್ದ ಪರೀಕ್ಷೆ ಜುಲೈ 26ಕ್ಕೆ, ಅಲ್ಲಿಂದ ಸೆಪ್ಟೆಂಬರ್ 13ಕ್ಕೆ ಹೋಯಿತು. ಒಂದು ಸಂಜೆ ಅವ್ವ ಕಂಡಿಕೆಗೆ ನೂಲು ಸುತ್ತುತ್ತಾ, 'ದಿನವಿಡೀ ಅದೇನು ಓದುತ್ತೀಯಪ್ಪ, ನನಗೂ ಸ್ವಲ್ಪ ಹೇಳು' ಎಂದಳು. ಅಂದು ಓದಿದ್ದು ಮೂತ್ರಪಿಂಡದ ಪಾಠ. ಎರಡೂ ಮೂತ್ರಪಿಂಡಗಳು ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ಅಂದರೆ ದಿನಕ್ಕೆ 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ ಎಂದೆ. ಅವ್ವ ಕೈ ನಿಲ್ಲಿಸಿದಳು. 'ಅಷ್ಟು ಹಂಡೆ ನೀರು ಸೋಸಿದರೆ ಮನುಷ್ಯ ದಿನಕ್ಕೆ ಹೊರಗೆ ಹಾಕುವುದು ಒಂದೆರಡು ತಂಬಿಗೆ. ಉಳಿದದ್ದು ಎಲ್ಲಿ ಹೋಯಿತು?'

ನನಗೆ ಹೇಳಲು ಆಗಲಿಲ್ಲ. ಸೋಸಿದ್ದು ಮತ್ತೆ ರಕ್ತಕ್ಕೆ ಸೇರುವುದಕ್ಕೆ ಮರುಹೀರಿಕೆ ಎಂಬ ಪದ ಗೊತ್ತಿತ್ತು, ಶೇ. 99ರಷ್ಟು ಎಂಬ ಅಂಕಿಯೂ ಗೊತ್ತಿತ್ತು. ಯಾವ ನಳಿಕೆಯಲ್ಲಿ ಏನು ವಾಪಸಾಗುತ್ತದೆ, ಏಕೆ ವಾಪಸಾಗುತ್ತದೆ ಎಂಬುದು ಹೊರಗೆ ಬರಲಿಲ್ಲ. ಒಳಗೆ ಹೋಗಿ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿ ಓದಿ ಬಂದು ಹೇಳಿದೆ. ಆ ಪಾಠವನ್ನು ಮತ್ತೆ ಇಡಿಯಾಗಿ ಓದುವ ಅಗತ್ಯ ಬೀಳಲಿಲ್ಲ. ಅಂದಿನಿಂದ ಪ್ರತಿ ಸಂಜೆ ಅರ್ಧ ಗಂಟೆ ಅವ್ವನ ಮುಂದೆ ಪುಸ್ತಕವಿಲ್ಲದೆ ಪಾಠ ಹೇಳುವುದು ರೂಢಿಯಾಯಿತು. ತಡವರಿಸಿದ ಜಾಗವನ್ನು ಗುರುತು ಹಾಕಿಕೊಂಡು ಅದನ್ನು ಮಾತ್ರ ಓದುತ್ತಿದ್ದೆ.

ನೀವು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ ಎಂದು ಬರೆದಿದ್ದೀರಿ, ನಾನೂ ಅಷ್ಟೇ. ಹಾಗಾಗಿ ಪದಗಳ ಅರ್ಥ ತಿಳಿದು ಓದಿ ಎಂದು ಒತ್ತಿ ಹೇಳುತ್ತೇನೆ. ಮರೆವಿನ ಬಗ್ಗೆ ಮೊದಲು ಅಳತೆ ಮಾಡಿ ನೋಡಿದ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿದ. ಅವನು ಬಾಯಿಪಾಠ ಮಾಡಿದ್ದು ಬೇಕೆಂದೇ ಆರಿಸಿದ ಅರ್ಥವಿಲ್ಲದ ಅಕ್ಷರಗಳನ್ನು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಬಿರುಸಾಗಿ, ಆಮೇಲೆ ನಿಧಾನವಾಗಿ ನಡೆಯುತ್ತದೆ ಎಂದು ಅವನಿಗೆ ಕಂಡಿತು. ಮೊದಲ ಪಿಯುಸಿಯಲ್ಲಿ, ಮೂತ್ರಪಿಂಡದಲ್ಲಿ ರಕ್ತ ಸೋಸುವ ಭಾಗದ ಹೆಸರಾದ 'ಗ್ಲೊಮೆರುಲಸ್' ಎಂಬ ಪದ ನಮಗೂ ಅಂಥ ಅರ್ಥವಿಲ್ಲದ ಅಕ್ಷರಗುಚ್ಛವೇ ಅಲ್ಲವೇ? ಅದು ನಿಲ್ಲುವುದಾದರೂ ಹೇಗೆ? ಲ್ಯಾಟಿನ್‌ನಲ್ಲಿ ಅದರ ಅರ್ಥ ನೂಲಿನ ಪುಟ್ಟ ಉಂಡೆ ಎಂದು ತಿಳಿದ ದಿನ ನಾನು ಅವ್ವನ ಕೈಯಲ್ಲಿದ್ದ ನೂಲನ್ನೇ ನೋಡುತ್ತಾ ಕುಳಿತೆ. ಸಣ್ಣ ರಕ್ತನಾಳಗಳು ಉಂಡೆ ಸುತ್ತಿಕೊಂಡಿವೆ. ಒಳಗೆ ಬರುವ ಕವಲು ಅಗಲ, ಹೊರಗೆ ಹೋಗುವುದು ಕಿರಿದು, ಆದ್ದರಿಂದಲೇ ಸೋಸುವಷ್ಟು ಒತ್ತಡ. ಹೀಗೆ ಒಂದೊಂದು ಕಠಿಣ ಪದದ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಸಮಯ ಹಾಳು ಎಂದು ಯಾರು ಹೇಳಿದರೂ ಕೇಳಬೇಡಿ. ಪಾಠವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಪದಗಳನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡರೆ ಏನೂ ನಷ್ಟವಿಲ್ಲ. ಬೇಕೆಂದರೆ ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ತೆಗೆದುಕೊಳ್ಳಬಹುದು, ಪಕ್ಕದಲ್ಲಿ ಇಂಗ್ಲಿಷ್ ಇರುತ್ತದೆ. ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ ಎಂಬುದು ನೆನಪಿರಲಿ.

ಅರ್ಥದಿಂದ ಹಿಡಿಯಲಾಗದ ಸಂಗತಿಗಳೂ ಇವೆ: ಸಸ್ಯಗಳ ಕುಟುಂಬ, ಹಾರ್ಮೋನುಗಳ ಪಟ್ಟಿ, ಅಜೈವಿಕ ರಸಾಯನಶಾಸ್ತ್ರದ ಅಪವಾದಗಳು. ಇವುಗಳಿಗೆ ಚೀಟಿ ಮಾಡಿ. ಮನೆಯಲ್ಲಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಪ್ರಶ್ನೆ ಬರೆದು, ಮುದ್ರಣವಿದ್ದ ಬದಿಗೆ ಬಿಳಿ ಕಾಗದ ಅಂಟಿಸಿ ಅಲ್ಲಿ ಉತ್ತರ ಬರೆಯುತ್ತಿದ್ದೆ. ಚಪ್ಪಲಿ ಡಬ್ಬಿಯಲ್ಲಿ ಮೂರು ಖಾನೆ: ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆಯುವುದು. ಉತ್ತರ ಬಂದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ನೇರ ಮೊದಲನೆಯದಕ್ಕೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಬರಹಗಾರ ಪ್ರಚಾರಕ್ಕೆ ತಂದ ಕ್ರಮವಿದು. ಉತ್ತರವನ್ನು ಬಾಯಿಬಿಟ್ಟು ಹೇಳುವ ಮುನ್ನ ಚೀಟಿ ತಿರುಗಿಸಬೇಡಿ, ನಾನು ಮೊದಲ ತಿಂಗಳು ಮಾಡಿದ ತಪ್ಪು ಅದು.

ಭೌತಶಾಸ್ತ್ರಕ್ಕೆ ಈ ಯಾವುದೂ ಅಷ್ಟಾಗಿ ಒದಗುವುದಿಲ್ಲ, ಅಲ್ಲಿ ಲೆಕ್ಕ ಬಿಡಿಸಬೇಕು, ಅಷ್ಟೇ.

ರಾತ್ರಿ ಎರಡಕ್ಕೆ ಮಲಗಿ ಐದಕ್ಕೆ ಏಳುತ್ತೇನೆ ಎಂದಿದ್ದೀರಿ. ದಯವಿಟ್ಟು ಬಿಡಿ. ಹಗಲು ಕಲಿತದ್ದು ಗಟ್ಟಿಯಾಗಲು ನಿದ್ದೆ ಬೇಕು. ಆರೇಳು ಗಂಟೆ ಮಲಗಿ, ಓದು ಹತ್ತು ಗಂಟೆಗೆ ಇಳಿದರೂ ಪರವಾಗಿಲ್ಲ. ಒಂದೆಲಗ, ನೆನೆಸಿದ ಬಾದಾಮಿ ಮನೆಯವರು ಪ್ರೀತಿಯಿಂದ ಕೊಟ್ಟರೆ ತಿನ್ನಿ, ನೆನಪಿನ ಮಾತ್ರೆಗಳಿಗೆ ಮಾತ್ರ ದುಡ್ಡು ಸುರಿಯಬೇಡಿ.

ಎರಡನೆಯ ಸಲ ಬರೆದಾಗ ವೈದ್ಯಕೀಯ ಸೀಟು ಸಿಕ್ಕಿತು. ಈಗ ಸರ್ಕಾರಿ ಕಾಲೇಜೊಂದರಲ್ಲಿ ಹೌಸ್ ಸರ್ಜನ್, ಅಂದರೆ ತರಬೇತಿಯಲ್ಲಿರುವ ವೈದ್ಯ, ಆಗಿದ್ದೇನೆ.

ಇವತ್ತು ರಾತ್ರಿಯೇ ಶುರುಮಾಡಿ. ಕಳೆದ ವಾರ ಓದಿದ ಒಂದು ಪಾಠ ಆರಿಸಿ, ಪುಸ್ತಕವನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಹಾಳೆಯ ಮೇಲೆ ಹದಿನೈದು ನಿಮಿಷ ನೆನಪಾದದ್ದೆಲ್ಲ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಕೆಂಪೇ ಹೆಚ್ಚಾದರೆ ಎದೆಗುಂದಬೇಡಿ. ನನ್ನ ಮೊದಲ ಹಾಳೆಯಲ್ಲಿ ನೀಲಿ ಶಾಯಿಯ ಸಾಲುಗಳಿದ್ದದ್ದು ಏಳು, ಅವುಗಳಲ್ಲಿ ಎರಡು ತಪ್ಪು.