ಬೂದಿ ಬಣ್ಣಕ್ಕೆ ತಿರುಗಿದ ಡೆಕ್‌ಗೆ ಪೇಂಟಾ, ಸ್ಟೇನಾ? ಯಾವ ಕಂಟ್ರಾಕ್ಟರ್‌ಗೆ ಕೊಡಲಿ?

ನೀವು ಕೇಳಿದ್ದು ಇಷ್ಟು: ನಾರ್ತ್ ಕ್ಯಾರೊಲಿನಾದ ರಾಲಿ ಹತ್ತಿರ ಮನೆ, ಹಿಂದುಗಡೆ 2010ರಲ್ಲಿ ಕಟ್ಟಿದ ಪೈನ್ ಮರದ ಡೆಕ್ (ಹಲಗೆ ಹಾಸಿದ ತೆರೆದ ಜಗಲಿ), ಸುಮಾರು 320 ಚದರ ಅಡಿ. ಮರ ಬೂದಿ ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ಸಿಬರು ಎದ್ದಿದೆ. ಜೂನ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರ್ತಾರೆ, ಬರಿಗಾಲಲ್ಲಿ ಓಡಾಡೋ ಜನ. ಒಬ್ಬ ಕಂಟ್ರಾಕ್ಟರ್ 1,400 ಡಾಲರ್‌ಗೆ ಒಂದೇ ದಿನದಲ್ಲಿ ತೊಳೆದು ಪೇಂಟ್ ಹೊಡೆದು ಕೊಡ್ತೀನಿ ಅಂತಾನೆ. ಇನ್ನೊಬ್ಬ 2,900 ಕೇಳ್ತಾನೆ, ಒಂದು ವಾರ ಬೇಕು, ಪೇಂಟ್ ಅಲ್ಲ ಸ್ಟೇನ್ (ಮರದೊಳಗೆ ಇಳಿಯೋ ಬಣ್ಣ) ಅಂತಾನೆ. ಯಾರಿಗೆ ಕೊಡೋದು?

ಎರಡನೆಯವನಿಗೆ ಕೊಡಿ. ಅವನು ಜಾಸ್ತಿ ಕೇಳಿದ ಅಂತಲ್ಲ, ಒಂದು ವಾರ ಕೇಳಿದ ಅಂತ.

ನಾನು ಇದೇ ಕಸುಬಿನವನು. 2009ರಲ್ಲಿ ಸಾಫ್ಟ್‌ವೇರ್ ಕೆಲಸ ಹೋಯ್ತು, ಗ್ರೀನ್ ಕಾರ್ಡ್ ಕೈಯಲ್ಲಿತ್ತು, ಪರಿಚಯದವರೊಬ್ಬರ ಪೇಂಟಿಂಗ್ ತಂಡಕ್ಕೆ ‘ಎರಡು ತಿಂಗಳ ಮಟ್ಟಿಗೆ’ ಅಂತ ಸೇರಿದವನು ಇನ್ನೂ ಅಲ್ಲೇ ಇದ್ದೀನಿ. ಆದರೆ ಮೊದಲು ಹಾಳು ಮಾಡಿದ್ದು ನನ್ನ ಮನೆಯ ಡೆಕ್ಕನ್ನೇ. ಶನಿವಾರ ಪ್ರೆಶರ್ ವಾಶರ್‌ನಲ್ಲಿ ತೊಳೆದೆ, ಭಾನುವಾರ ಬಿಸಿಲು ಚೆನ್ನಾಗಿದೆ ಅಂತ ಎರಡು ಕೋಟ್ ಪೇಂಟ್ ಹೊಡೆದೆ. ಸಂಜೆ ನೋಡಿದರೆ ಹೋಟೆಲ್ ಡೆಕ್ ಹಾಗಿತ್ತು. ಮುಂದಿನ ಏಪ್ರಿಲ್‌ಗೆ ಬಿಸಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಉಗುರಲ್ಲಿ ಎಬ್ಬಿಸಿದರೆ ಅಂಗೈ ಅಗಲದ ಚಕ್ಕೆ ಬರೋದು, ಅದರಡಿ ಮರ ಒದ್ದೆ. ಅದನ್ನೆಲ್ಲ ಕೆರೆದು ತೆಗೆಯೋಕೆ ನಾಲ್ಕು ವೀಕೆಂಡ್ ಹಿಡೀತು.

ಆಗಿದ್ದೇನು ಅಂದರೆ, ಗೋಡೆ ನೆಟ್ಟಗೆ ನಿಂತಿರುತ್ತೆ, ಮಳೆ ನೀರು ಜಾರಿ ಹೋಗುತ್ತೆ. ಡೆಕ್ ಮಲಗಿರುತ್ತೆ. ಹಲಗೆಯ ತುದಿಯಿಂದ, ಮೊಳೆ ತೂತಿಂದ, ಕೆಳಗಿನ ಮಣ್ಣಿನ ತೇವದಿಂದ ನೀರು ಒಳಗೆ ಸೇರ್ತಾನೇ ಇರುತ್ತೆ. ಬಿಸಿಲು ಬಿದ್ದಾಗ ಆ ತೇವ ಮೇಲಿಂದ ಹೊರಗೆ ಹೋಗಬೇಕು. ಪೇಂಟ್ ಅಲ್ಲಿ ಮುಚ್ಚಳ ಹಾಕಿ ಕೂತಿರುತ್ತೆ, ತೇವ ಅದನ್ನೇ ಎತ್ತಿ ಬಿಸಾಡುತ್ತೆ. ತೊಳೆದ ಮರ ಒಣಗೋಕೆ ಒಳ್ಳೇ ಬಿಸಿಲಲ್ಲೂ ಎರಡು ದಿನ ಬೇಕು, ನಮ್ಮ ಈ ಸೆಕೆಯಲ್ಲಿ ಮೂರು. ನಾನು ತೇವ ಅಳೆಯೋ ಮೀಟರ್‌ನಲ್ಲಿ ಶೇಕಡಾ 15ಕ್ಕಿಂತ ಕೆಳಗೆ ಬರೋವರೆಗೆ ಡಬ್ಬ ತೆಗೆಯೋದಿಲ್ಲ. ಹಾಗಿದ್ದಮೇಲೆ ಬೆಳಿಗ್ಗೆ ತೊಳೆದು ಮಧ್ಯಾಹ್ನ ಪೇಂಟ್ ಹೊಡೆಯೋ ಆ ಮಹಾಶಯನ ಲೆಕ್ಕ ಎಲ್ಲಿ ಕೂಡುತ್ತೆ ಹೇಳಿ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜ ಮಳೆಗಾಲಕ್ಕೆ ಮುಂಚೆ ಪಕಾಸಿಗಳಿಗೆ ಗೇರೆಣ್ಣೆ ಹಚ್ಚಿಸ್ತಿದ್ದರು. ಮರ ಕುಡಿಯೋವಷ್ಟು ಕುಡಿಸು, ಮೇಲೆ ನಿಂತದ್ದನ್ನ ಬಟ್ಟೆಯಲ್ಲಿ ಒರೆಸಿಬಿಡು ಅನ್ನೋರು. ಸ್ಟೇನ್ ಅಂದರೆ ಅಷ್ಟೇ. ಮರದ ಮೇಲೆ ಕೂರೋದಲ್ಲ, ಒಳಗೆ ಇಳಿಯೋದು. ಇಳಿದದ್ದು ಸಿಪ್ಪೆ ಸಿಪ್ಪೆಯಾಗಿ ಏಳೋದಿಲ್ಲ, ಮೆಲ್ಲಗೆ ಮಾಸುತ್ತೆ. ಎರಡು ಮೂರು ವರ್ಷಕ್ಕೊಮ್ಮೆ ತೊಳೆದು ಮತ್ತೆ ಹಚ್ಚಿದರೆ ಆಯ್ತು, ಕೆರೆಯೋ ಕೆಲಸ ಇಲ್ಲ.

ಈಗ ಆ ಬೂದಿ ಬಣ್ಣ. ಮರದ ನಾರುಗಳನ್ನ ಅಂಟಿನ ಹಾಗೆ ಹಿಡಿದಿಡೋದು ಲಿಗ್ನಿನ್. ಬಿಸಿಲಿನ ಅಲ್ಟ್ರಾವಯೊಲೆಟ್ ಅದನ್ನ ಒಡೆಯುತ್ತೆ, ಮಳೆ ತೊಳೆದುಕೊಂಡು ಹೋಗುತ್ತೆ. ಉಳಿಯೋದು ಹಿಡಿತ ಇಲ್ಲದ ನಾರು, ಜೊತೆಗೆ ಒಂದಿಷ್ಟು ಬೂಷ್ಟು. ಆ ಪದರದ ಮೇಲೆ ಏನು ಹಚ್ಚಿದರೂ ಧೂಳಿನ ಗೋಡೆಗೆ ಸುಣ್ಣ ಬಳಿದ ಹಾಗೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1910ರಿಂದ ಸರ್ಕಾರಿ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇದೆ. ಹೊಸ ಮರವನ್ನ ಕೆಲವೇ ವಾರ ಬಿಸಿಲಿಗೆ ಬಿಟ್ಟರೂ ಪೇಂಟಿನ ಹಿಡಿತ ಕಡಿಮೆಯಾಗುತ್ತೆ ಅಂತ ಅವರು ಪ್ರಯೋಗ ಮಾಡಿ ತೋರಿಸಿದ್ದಾರೆ. ನಿಮ್ಮದು ಹತ್ತು ವರ್ಷಕ್ಕಿಂತ ಹೆಚ್ಚು ಬಿಸಿಲು ಕಂಡ ಮರ.

ಹಾಗಾಗಿ ದುಡ್ಡು ಹೋಗೋದು ಬಣ್ಣಕ್ಕಲ್ಲ, ಆ ಪದರ ತೆಗೆಯೋಕೆ. ಮೊದಲ ದಿನ ನಾವು ಸೋಡಿಯಂ ಪರ್‌ಕಾರ್ಬೊನೇಟ್ ಪುಡಿಯನ್ನ ಬೆಚ್ಚಗಿನ ನೀರಲ್ಲಿ ಕದಡಿ ಸುರಿದು, ಹದಿನೈದು ನಿಮಿಷ ಒಣಗದಂತೆ ನೋಡಿಕೊಳ್ತೀವಿ. ಸಣ್ಣಗೆ ನೊರೆ ಬರುತ್ತೆ, ನೈಲಾನ್ ಬ್ರಷ್‌ನಲ್ಲಿ ಉಜ್ಜಿದರೆ ಕಾಫಿ ಗಷ್ಟಿನ ಹಾಗೆ ಕಪ್ಪು ನೀರು ಇಳಿಯುತ್ತೆ. ತಂತಿ ಬ್ರಷ್ ಬೇಡ, ಉದುರಿದ ಕಬ್ಬಿಣದ ಚೂರು ಮರದಲ್ಲೇ ತುಕ್ಕು ಹಿಡಿಯುತ್ತೆ. ಕ್ಲೋರಿನ್ ಬ್ಲೀಚ್ ಬೂಷ್ಟನ್ನ ಕೊಲ್ಲುತ್ತೆ ನಿಜ, ಜೊತೆಗೆ ನಾರನ್ನೂ ತಿನ್ನುತ್ತೆ. ಪ್ರೆಶರ್ ವಾಶರ್ ಹಿಡಿದರೆ ನೀರಿನ ಒತ್ತಡ 1,500 ಪಿಎಸ್‌ಐ ದಾಟಬಾರದು, ಅಗಲ ನಳಿಕೆ, ಹಲಗೆಯಿಂದ ಒಂದಡಿ ದೂರ. ಹತ್ತಿರ ಹಿಡಿದು ಗೀರಿದ ಡೆಕ್‌ಗಳನ್ನ ದೂರದಿಂದಲೇ ಗುರುತಿಸ್ತೀನಿ, ನೇಗಿಲು ಹೊಡೆದ ಹಾಗಿರುತ್ತೆ.

ಇಷ್ಟಾದ ಮೇಲೆ ಮರ ಇನ್ನೂ ಕಪ್ಪಾಗಿ ಕಾಣುತ್ತೆ, ಮನೆಯವರು ಹೆದರ್ತಾರೆ. ಅದು ಕ್ಷಾರದ ಗುಣ. ಆಗ ಆಕ್ಸಾಲಿಕ್ ಆಸಿಡ್ ನೀರು ಸಿಂಪಡಿಸಬೇಕು. ಹುಣಸೆಹಣ್ಣು ಹಚ್ಚಿದ ಹಿತ್ತಾಳೆ ಚೊಂಬು ನೋಡಿದ್ದೀರಲ್ಲ, ಹಾಗೆ ಕಣ್ಣೆದುರೇ ಮರ ತಿಳಿಯಾಗುತ್ತೆ. ಎಷ್ಟು ಸಲ ಮಾಡಿದ್ದರೂ ಇದೊಂದು ಘಳಿಗೆ ನನಗೆ ಬೇಜಾರಾಗಿಲ್ಲ. ಮೊಳೆ ಸುತ್ತಲಿನ ಕಪ್ಪು ಕಲೆಯೂ ಇದರಲ್ಲೇ ಹೋಗುತ್ತೆ. ಅದು ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು, ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಹಾಕಿ ಶಾಯಿ ಮಾಡ್ತಿದ್ದ ಕಥೆಯೇ. ಕೈಗವಸು, ಕನ್ನಡಕ ಇಲ್ಲದೆ ಇದನ್ನ ಮುಟ್ಟಬೇಡಿ, ಗಿಡಗಳಿಗೆ ಮೊದಲೇ ನೀರು ಹೊಡೆದು ನೆನೆಸಿಡಿ.

ಒಣಗಿದ ಮೇಲೆ ಮೊಳೆ ತಲೆಗಳನ್ನ ಒಳಗೆ ಬಡಿದು, 60 ಅಥವಾ 80 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜೋದು, ಮಾಸ್ಕ್ ಹಾಕಿಕೊಂಡು. ನಿಮ್ಮ ಅಪ್ಪ ಅಮ್ಮನ ಅಂಗಾಲಿಗೆ ಇದೇ ಮುಖ್ಯ. ಹಾಗಂತ ಊಟದ ಟೇಬಲ್ ಹಾಗೆ ನುಣುಪು ಮಾಡಬಾರದು, ಮರ ಎಣ್ಣೆ ಕುಡಿಯೋದಿಲ್ಲ. (ನಿಮ್ಮದು 2004ಕ್ಕಿಂತ ಹಳೇ ಡೆಕ್ ಆಗಿದ್ದರೆ ಉಜ್ಜೋ ಮಾತೇ ಆಡ್ತಿರಲಿಲ್ಲ. 2003ರ ಕೊನೆಯವರೆಗೆ ಮನೆಗಳಿಗೆ ಬರ್ತಿದ್ದ ಟ್ರೀಟೆಡ್ (ಹುಳ ಹಿಡಿಯದಂತೆ ಔಷಧಿ ಕುಡಿಸಿದ) ಮರದಲ್ಲಿ ಸಾಮಾನ್ಯವಾಗಿ ಆರ್ಸೆನಿಕ್ ಇರ್ತಿತ್ತು. ಅದಕ್ಕೆ ತೊಳೆಯೋ ಕ್ರಮವೂ ಬೇರೆ.) ಕೊನೆಗೆ ಒಂದು ಚಮಚ ನೀರು ಚೆಲ್ಲಿ ನೋಡಿ. ಮಣಿಮಣಿಯಾಗಿ ನಿಂತರೆ ಮರ ಸಿದ್ಧ ಇಲ್ಲ, ಎಳೆದುಕೊಂಡರೆ ಶುರು ಮಾಡಬಹುದು.

ಸ್ಟೇನ್‌ನಲ್ಲಿ ಸೆಮಿ ಟ್ರಾನ್ಸ್‌ಪರೆಂಟ್, ಒಳಗಿಳಿಯೋ ಎಣ್ಣೆಯದ್ದು ಕೇಳಿ. ಪೂರ್ತಿ ಕ್ಲಿಯರ್ ಬೇಡ, ಬಿಸಿಲು ತಡೆಯೋದು ಸ್ಟೇನ್‌ನಲ್ಲಿರೋ ಬಣ್ಣದ ಪುಡಿಯೇ. ಎರಡೆರಡು ಹಲಗೆ ಹಿಡಿದು ಈ ತುದಿಯಿಂದ ಆ ತುದಿಗೆ ಮುಗಿಸಬೇಕು, ನಡುವೆ ನಿಲ್ಲಿಸಿದರೆ ಪಟ್ಟೆ ಬೀಳುತ್ತೆ. ಕೊಯ್ದ ತುದಿಗಳಿಗೆ ಇನ್ನೊಂದಿಷ್ಟು ಕುಡಿಸಬೇಕು. ಹಳೇ ಮರ ಜಾಸ್ತಿ ಕುಡಿಯುತ್ತೆ, ಗ್ಯಾಲನ್‌ಗೆ 150 ಚದರ ಅಡಿ ಅಂತ ಹಿಡಿದಿಡಿ. ನೆಲಕ್ಕೆ ಬೇಡ ಅಂದೆನೇ ಹೊರತು, ರೇಲಿಂಗ್‌ಗೆ ಬಿಳಿ ಬೇಕು ಅನ್ನಿಸಿದರೆ ಗಟ್ಟಿ ಬಣ್ಣ ಹೊಡೆಸಿ, ಅದು ನೆಟ್ಟಗೆ ನಿಂತಿರುತ್ತೆ. ಒಂದು ಮಾತು, 2,900ರಲ್ಲಿ ರೇಲಿಂಗ್, ಮೆಟ್ಟಿಲು ಸೇರಿದೆಯಾ ಕೇಳಿ. ಆ ಸಣ್ಣ ಕಡ್ಡಿಗಳಿಗೆ ನಾಲ್ಕೂ ಮಗ್ಗುಲು ಹಚ್ಚೋದರಲ್ಲಿ ನೆಲಕ್ಕಿಂತ ಹೆಚ್ಚು ಹೊತ್ತು ಹೋಗುತ್ತೆ.

ಅಡ್ವಾನ್ಸ್ ಕೊಡೋಕೆ ಮುಂಚೆ ನೀವೇ ಒಂದು ಸ್ಕ್ರೂಡ್ರೈವರ್ ತಗೊಂಡು ಡೆಕ್ ಕೆಳಗೆ ಇಳಿಯಿರಿ. ಮೆಟ್ಟಿಲ ಬದಿಯ ಹಲಗೆ ನೆಲ ಮುಟ್ಟೋ ಕಡೆ, ಡೆಕ್ ಮನೆ ಗೋಡೆಗೆ ಸೇರೋ ಕಡೆ ಚುಚ್ಚಿ ನೋಡಿ. ಹೋದ ವರ್ಷ ಒಬ್ಬರ ಮನೆಯಲ್ಲಿ ಚುಚ್ಚಿದೆ, ಚಹಾದಲ್ಲಿ ಅದ್ದಿದ ರಸ್ಕಿಗೆ ಹೋದ ಹಾಗೆ ಹಿಡಿಯವರೆಗೂ ಹೋಯ್ತು. ಅದಕ್ಕೆ ಹೊರಗಿಂದ ಯಾರೋ ಚೆನ್ನಾಗಿ ಕಂದು ಬಣ್ಣ ಹೊಡೆದಿದ್ದರು! ಹಾಗಿದ್ದರೆ ಮೊದಲು ಬಡಗಿ, ಆಮೇಲೆ ನಾವು.

ದಿನ ಗೊತ್ತು ಮಾಡುವಾಗ ಪೈನ್ ಪರಾಗ ನೆನಪಿರಲಿ. ಮಾರ್ಚ್ ಕೊನೆಯಿಂದ ಕಾರಿನ ಮೇಲೆಲ್ಲ ಅರಿಶಿನ ಚೆಲ್ಲಿದ ಹಾಗಿರುತ್ತಲ್ಲ, ಹಸಿ ಸ್ಟೇನ್ ಮೇಲೆ ಅದು ಕೂತರೆ ಹೋಗೋದಿಲ್ಲ. ಮೇ ಮೊದಲ ಎರಡು ವಾರ ಹಿಡಿಯಿರಿ. ಇನ್ನು, ಸ್ಟೇನ್ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಗ್ಯಾರೇಜಲ್ಲಿ ಬಿಡೋಕೆ ಯಾರಿಗೂ ಬಿಡಬೇಡಿ. ಅಗಸೆ ಎಣ್ಣೆ ಇರೋ ಬಟ್ಟೆ ಒಣಗ್ತಾ ತಾನೇ ಕಾದು ಹೊತ್ತಿಕೊಳ್ಳುತ್ತೆ. 1991ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಬೆಂಕಿ ಬಿದ್ದಿದ್ದು ಇಂಥ ಬಟ್ಟೆಯಿಂದಲೇ, ಮೂವರು ಅಗ್ನಿಶಾಮಕರು ಸತ್ತರು. ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಿಸಿ.

ಎರಡು ದಿನ ಯಾರೂ ತುಳಿಯೋದು ಬೇಡ. ಆಮೇಲೆ ನಿಮ್ಮ ಅಮ್ಮ ಜೂನ್ ಬಿಸಿಲು ನೋಡಿ ಸಂಡಿಗೆ ಇಡೋಕೆ ಡೆಕ್ ಕೇಳೇ ಕೇಳ್ತಾರೆ, ನಮ್ಮಮ್ಮ ಕೇಳಿದ್ದರು. ಸ್ಟೇನ್‌ನಲ್ಲಿ ಬೂಷ್ಟಿನ ಔಷಧಿ ಇರುತ್ತೆ, ನೆಲದ ಮೇಲೆ ಹಾಳೆ ಹಾಸಿ ಇಡೋದೂ ಬೇಡ. ಮಡಚೋ ಟೇಬಲ್ ಒಂದು ಹಾಕಿಕೊಡಿ.