ಮುಂಬಯಿಯಲ್ಲಿ ಕನ್ನಡ ಶಾಲೆಯ ಟೀಚರ್ ಆಗಬೇಕೆಂದರೆ

ಹೌದು, ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳು ಇನ್ನೂ ನಡೆಯುತ್ತಿವೆ. ನಿಮ್ಮ ತಂಗಿ ಮೈಸೂರಿನಲ್ಲಿ ಡಿ.ಎಡ್ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮುಗಿಸಿ, ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬರುತ್ತಾಳೆ, ಇಲ್ಲಿ ಟೀಚರ್ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗಬಹುದು. ಆದರೆ ದಾರಿ ಉದ್ದ ಇದೆ, ನಡುವೆ ಮರಾಠಿಯೂ ಇದೆ.

ನಮ್ಮದು ಕರ್ನಾಟಕದ ಗಡಿಗೆ ಅಂಟಿಕೊಂಡ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು. ಸಂತೆ, ದವಾಖಾನೆ, ಬಟ್ಟೆ ಖರೀದಿ ಎಲ್ಲಕ್ಕೂ ವಿಜಯಪುರಕ್ಕೆ ಹೋಗುವ ಜನ ನಾವು. ಆದರೆ ರೇಷನ್ ಕಾರ್ಡು ಮಹಾರಾಷ್ಟ್ರದ್ದು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದೆ, ಡಿ.ಎಡ್ ಮರಾಠಿಯಲ್ಲಿ ಮಾಡಿದೆ, ಈಗ ಮುಂಬಯಿಯಲ್ಲಿ ಕನ್ನಡ ಮಕ್ಕಳಿಗೆ ಕಲಿಸುತ್ತೇನೆ. ನಿಮಗೆ ಇದು ಗೋಜಲು ಅನ್ನಿಸಬಹುದು. ಜತ್ತ, ಅಕ್ಕಲಕೋಟೆ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ.

ಕೋರ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಡಿ.ಎಡ್‌ಗೆ ಈಗ ಡಿ.ಎಲ್.ಎಡ್ ಅನ್ನುತ್ತಾರೆ. ಹನ್ನೆರಡನೆಯದು ಮುಗಿದ ಮೇಲೆ 2 ವರ್ಷ. ನಿಮ್ಮ ತಂಗಿಯದು ಎನ್‌ಸಿಟಿಇ (ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಕಾಲೇಜಾದರೆ ಮತ್ತೆ ಮಾಡುವುದು ಬೇಕಿಲ್ಲ. ಒಂದು ಸಮಾಧಾನದ ಸುದ್ದಿಯೂ ಇದೆ. ಬಿ.ಎಡ್ ಮಾಡಿದವರು ಪ್ರಾಥಮಿಕ ಹುದ್ದೆಗೆ ಅರ್ಹರಲ್ಲ ಅಂತ ಸುಪ್ರೀಂ ಕೋರ್ಟು 2023ರ ಆಗಸ್ಟ್‌ನಲ್ಲಿ ಹೇಳಿತು. ಅಲ್ಲಿಂದ ಡಿ.ಎಡ್‌ಗೆ ಮತ್ತೆ ಬೆಲೆ ಬಂತು.

ಅದರ ಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು. ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಮಹಾ ಟಿಇಟಿ ಆದರೂ ಆದೀತು, ಕೇಂದ್ರದ ಸಿಟಿಇಟಿ ಆದರೂ ಆದೀತು. ಒಂದರಿಂದ ಐದನೇ ತರಗತಿಗೆ ಮೊದಲ ಪೇಪರು. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಸಾಮಾನ್ಯ ವರ್ಗದವರಿಗೆ 60 ಪರ್ಸೆಂಟ್ ಬರಬೇಕು. ಮೊದಲ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ 1ರ ತೀರ್ಪಿನ ನಂತರ, ಈಗಾಗಲೇ ಕೆಲಸದಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವ ಹಳಬರೂ ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಬೇಕು. ಹಾಗಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಬಾಲ ಮನೋವಿಜ್ಞಾನ ಓದುವ ಹಿರಿಯರನ್ನು ನೋಡಬಹುದು. ನಗು ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ.

ಟಿಇಟಿ ಆದರೂ ಮುಗಿಯಲಿಲ್ಲ. ಟಿಎಐಟಿ (ಶಿಕ್ಷಕರ ಅಭಿಯೋಗ್ಯತೆ ಮತ್ತು ಬುದ್ಧಿಮತ್ತೆ ಪರೀಕ್ಷೆ) ಅಂತ 200 ಅಂಕದ ಇನ್ನೊಂದು ಪರೀಕ್ಷೆ, ಆಮೇಲೆ ರಾಜ್ಯ ಸರಕಾರದ ಶಿಕ್ಷಕ ನೇಮಕಾತಿ ತಾಣವಾದ ಪವಿತ್ರ ಪೋರ್ಟಲ್ ಮೂಲಕ ನೇಮಕ. ಈ ಟಿಎಐಟಿ 2017ರಲ್ಲಿ ಆಯಿತು, ನಂತರ ಆದದ್ದು 2023ರಲ್ಲಿ, ಮತ್ತೆ 2025ರಲ್ಲಿ. ಮೊದಲೆರಡರ ನಡುವಿನ ಅಂತರ ನೋಡಿ. ಅಷ್ಟರಲ್ಲಿ ಡಿ.ಎಡ್ ಮಾಡಿದ ಎಷ್ಟೋ ಹುಡುಗ ಹುಡುಗಿಯರು ಮೊಬೈಲ್ ಅಂಗಡಿ, ಬ್ಯಾಂಕಿನ ವಸೂಲಿ ಕೆಲಸ ಅಂತ ಹಿಡಿದು ಹೋದರು. ಕೆಲಸ ಸಿಕ್ಕಿದರೂ ಮೊದಲ 3 ವರ್ಷ ನೀವು ಶಿಕ್ಷಕರಲ್ಲ, 'ಶಿಕ್ಷಣ ಸೇವಕ'. ಪ್ರಾಥಮಿಕದವರಿಗೆ ಮೊದಲು ತಿಂಗಳಿಗೆ 6,000 ರೂಪಾಯಿ ಗೌರವಧನ ಇತ್ತು, 2023ರಿಂದ 16,000 ಆಗಿದೆ. ಡೊಂಬಿವಲಿಯಲ್ಲಿ ಬಾಡಿಗೆ ಎಷ್ಟು ಅಂತ ನಿಮ್ಮ ತಂಗಿಯ ಗಂಡನನ್ನೇ ಕೇಳಿ.

ಇದೆಲ್ಲ ಕಾಗದದ ಮಾತು. ನಾನು ಹೇಳಬೇಕೆಂದಿದ್ದು ಬೇರೆ. ಕಾಲೇಜಿನಲ್ಲಿ ನಮಗೆ ಪಾಠ ಟಿಪ್ಪಣಿ ಬರೆಯುವುದು, ಸೂಕ್ಷ್ಮ ಬೋಧನೆ (ಕೆಲವೇ ನಿಮಿಷದ ಪುಟ್ಟ ಪಾಠದ ಅಭ್ಯಾಸ), ಬೋಧನಾ ಸಾಮಗ್ರಿ ಮಾಡುವುದು ಎಲ್ಲ ಕಲಿಸಿದರು. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಮಾತಾಡುವ ಮಗುವಿಗೆ ಕಲಿಸುವುದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ. ನನ್ನ ತರಗತಿಯಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಜಾಸ್ತಿ. ಕೆಲವರ ಮನೆಯಲ್ಲಿ ಲಂಬಾಣಿ. ಬೀದಿಯಲ್ಲಿ ಎಲ್ಲರದೂ ಹಿಂದಿ.

ಎರಡನೇ ತರಗತಿಯ ಗಣಿತ ತಗೊಳ್ಳಿ. 'ಇಪ್ಪತ್ತೈದು ಬರಿ' ಅಂದರೆ ಒಬ್ಬ ಹುಡುಗ ಸರಿಯಾಗಿ 25 ಬರೆಯುತ್ತಾನೆ. ಅದೇ ಹುಡುಗನಿಗೆ 'ಪಚ್ಚೀಸ್' ಅನ್ನಿ, ಒಂದು ಕ್ಷಣ ತಡೆದು 52 ಬರೆಯುತ್ತಾನೆ. ದಡ್ಡ ಅಲ್ಲ ಅವನು. ಕನ್ನಡದಲ್ಲಿ ಹತ್ತರ ಸ್ಥಾನ ಮೊದಲು ಬಾಯಿಗೆ ಬರುತ್ತದೆ, ಬರೆಯುವುದೂ ಅದೇ ಕ್ರಮದಲ್ಲಿ. ಹಿಂದಿ, ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು ಹಿಂದಿಯಲ್ಲಿ, ಶಾಲೆಯಲ್ಲಿ ಮಗ್ಗಿ ಕನ್ನಡದಲ್ಲಿ. ಎರಡೂ ಡಿಕ್ಕಿ ಹೊಡೆಯುತ್ತವೆ. ನಾನು ಈಗ ಬೆಂಕಿಕಡ್ಡಿಯ ಹತ್ತರ ಕಟ್ಟು ಮಾಡಿಸುತ್ತೇನೆ. ಎರಡು ಕಟ್ಟು, ಐದು ಬಿಡಿ ಕಡ್ಡಿ ಮುಂದಿಟ್ಟು, ಇದಕ್ಕೆ ಅಂಗಡಿಯಲ್ಲಿ ಏನಂತೀಯ, ಅಜ್ಜಿ ಏನಂತಾಳೆ ಅಂತ ಕೇಳುತ್ತೇನೆ. ಕಡ್ಡಿ ಕಣ್ಣೆದುರಿಗೆ ಇದ್ದರೆ ಯಾವ ಭಾಷೆಯಲ್ಲಿ ಹೇಳಿದರೂ 25 ತಪ್ಪುವುದಿಲ್ಲ.

ಇದು ನಮ್ಮೊಬ್ಬರ ಗೋಳಲ್ಲ. 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯವರು ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ಮರಾಠಿ ಮಕ್ಕಳಿಗೂ 21ಕ್ಕೆ 'ಏಕವೀಸ್' ಜತೆಗೆ 'ವೀಸ್ ಏಕ್' ಅಂತ ಹತ್ತನ್ನು ಮೊದಲು ಓದುವ ರೀತಿ ತಂದರು. ರಾಜ್ಯದಲ್ಲಿ ದೊಡ್ಡ ಗದ್ದಲವೇ ಆಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಲಾ ನಾರಳೀಕರ್ ಅದನ್ನು ಸಮರ್ಥಿಸಿಕೊಂಡರು. ಕನ್ನಡ ಶಾಲೆಯವರಾದ ನಾವು ಸುಮ್ನೆ ನೋಡುತ್ತಿದ್ದೆವು. ಈ ಒಂದು ವಿಷಯದಲ್ಲಿ ನಮ್ಮ ಮಕ್ಕಳೇ ಮುಂದಿದ್ದರು, ಅಲ್ವಾ?

ಅಂದ ಹಾಗೆ ನಮ್ಮ ಪಠ್ಯಪುಸ್ತಕ ಬೆಂಗಳೂರಿನಿಂದ ಬರುವುದಿಲ್ಲ. ಪುಣೆಯ ಬಾಲಭಾರತಿಯೇ ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಹಾಗಾಗಿ ನಮ್ಮ ಮಕ್ಕಳು ಸಹ್ಯಾದ್ರಿಯನ್ನೂ ಶಿವಾಜಿ ಮಹಾರಾಜರನ್ನೂ ಕನ್ನಡದಲ್ಲೇ ಓದುತ್ತಾರೆ. 2020ರ ಕಾಯ್ದೆಯ ಪ್ರಕಾರ ಮರಾಠಿ ಎಲ್ಲ ಶಾಲೆಗಳಲ್ಲೂ ಕಡ್ಡಾಯ. ಕನ್ನಡ ಶಾಲೆಯೂ ಅದಕ್ಕೆ ಹೊರತಲ್ಲ.

ನಿಜವಾದ ಅಡ್ಡಿ ಮಕ್ಕಳ ಸಂಖ್ಯೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು. ಸಂಖ್ಯೆ ಇಳಿದರೆ ಹುದ್ದೆಯೂ ಇಳಿಯುತ್ತದೆ. ಕಟ್ಟಡದ ಕೆಲಸ ಮುಗಿದ ಕೂಡಲೇ ಅಪ್ಪ ಅಮ್ಮ ಇನ್ನೊಂದು ಕಡೆ ಹೊರಡುತ್ತಾರೆ, ಮಗುವೂ ಹೊರಡುತ್ತದೆ. ಹೀಗಾಗಿ ಜೂನ್ ತಿಂಗಳಲ್ಲಿ ನಾವು ಟೀಚರ್‌ಗಳೇ ಗಲ್ಲಿ ಗಲ್ಲಿ ತಿರುಗಿ 'ಮಗು ಇದೆಯಾ, ಕನ್ನಡ ಶಾಲೆಗೆ ಕಳಿಸ್ತೀರಾ' ಅಂತ ಕೇಳುತ್ತೇವೆ. 'ಇಂಗ್ಲಿಷಿಗೆ ಹಾಕ್ತೀವ್ರೀ' ಅಂತ ಮುಖಕ್ಕೇ ಹೇಳುವವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಎಷ್ಟೋ ಟೀಚರ್‌ಗಳ ಮಕ್ಕಳೂ ಇಂಗ್ಲಿಷ್ ಶಾಲೆಯಲ್ಲೇ ಓದುತ್ತಾರೆ.

ನಿಮ್ಮ ತಂಗಿಗೆ ಒಂದು ಮಾತು ಹೇಳಿ. ಬಂದ ಕೂಡಲೇ ಅರ್ಜಿ, ಕೋಚಿಂಗ್ ಅಂತ ಓಡುವ ಮೊದಲು ಮರಾಠಿ ಬಾಲಭಾರತಿಯ ಒಂದನೇ ತರಗತಿ ಪುಸ್ತಕದಿಂದ ಓದಲು ಶುರು ಮಾಡಲಿ. ಬಾಲಭಾರತಿಯ ತಾಣದಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ನಾಲ್ಕನೇ ತರಗತಿಯದು ಓದಿ ಅರ್ಥವಾಗುವ ಹೊತ್ತಿಗೆ ಪಾಲಿಕೆಯ ಸುತ್ತೋಲೆಯೂ ಅರ್ಥವಾಗುತ್ತದೆ. ಸುತ್ತೋಲೆ ಬರುವುದು ಮರಾಠಿಯಲ್ಲೇ.